ಯಾರೂ ಇಲ್ಲದ ದ್ವೀಪ

ನಮ್ಮಕ್ಕನಿಗೆ ಒಂದು ಅಭ್ಯಾಸ. ಬಾಗಿಲಲ್ಲಿ ಯಾರಾದರೂ ನಿಂತು ಕೂಗಿದರೆ ಒಳಗಿನಿಂದಲೇ "ಯಾರೂ ಇಲ್ಲ" ಅನ್ನುವಳು. ಮದುವೆಗೆ ಮುಂಚೆ ಹಾಗೆಂದರೆ ಅಪ್ಪ ಮನೆಯಲ್ಲಿಲ್ಲ ಎಂದರ್ಥ. ಆಮೇಲೆ, ಭಾವ ಇಲ್ಲ ಎಂದರ್ಥ. ಕೂಗಿದವರೂ "ಸರಿ ಹಾಗಾದ್ರೆ" ಎಂದು ಹೊರಟುಹೋಗುತ್ತಿದ್ದರು. ಹಾಗಾದರೆ ಈಗ ಮಾತಾಡಿದ್ದು ಯಾರು ಎಂದು ಒಬ್ಬರೂ ಕೇಳಿದ್ದಿಲ್ಲ.

ಭಾವ ದ್ವೀಪದ ದೀಪಸ್ತಂಭ ನೋಡಿಕೊಳ್ಳುತ್ತಿದ್ದರು. ದೀಪ ತನ್ನಷ್ಟಕ್ಕೆ ತಾನೇ ಹೊತ್ತಿ ಆರುವುದನ್ನು ಕಲಿತ ಮೇಲೆ ಅವರಿಗೆ ಕೆಲಸವಿಲ್ಲವಾಯಿತು. ಎರಡೇ ವರ್ಷಕ್ಕೆ ತೀರಿಕೊಂಡರು. ಅಕ್ಕ ಮಾತ್ರ ಆ ಎರಡು ಕೋಣೆಯ ಮನೆ ಬಿಡಲಿಲ್ಲ. ಮೂರು ಆಡು, ಒಂದು ಬಾವಿ, ಹೆಣೆಯಲು ಮೀನಿನ ಬಲೆ. ದಡಕ್ಕೆ ಬಂದುಬಿಡು ಎಂದು ಕರೆದಾಗಲೆಲ್ಲ, "ನಿನ್ನ ಹೆಂಡ್ತಿ ಗೊಣಗಾಟ ಕೇಳೋಕೆ ನಾನೇ ಬೇಕೇನೋ? ಹೋಗೋ!" ಅನ್ನುತ್ತಿದ್ದಳು. ಅದು ಅರ್ಧ ತಮಾಷೆ.

ನಾನು ಬಾಡಿಗೆ ಯಾಟ್ ಓಡಿಸುವವನು. ತಲೆ ಮೇಲೆ ಬಿಳಿ ಟೋಪಿ ಇರುವುದರಿಂದ ಕ್ಯಾಪ್ಟನ್. ಹಳೇ ಊರಿನ ಕೋಟೆ, ಫಿರಂಗಿ ನೋಡಿ ಸುಸ್ತಾದವರನ್ನು ಹತ್ತಿರದ ದ್ವೀಪಗಳಿಗೆ ಕರೆದೊಯ್ಯುವುದು ನನ್ನ ಹೊಟ್ಟೆಪಾಡು. ಕೊನೆಯದು ಅಕ್ಕನ ದ್ವೀಪ. ಅದನ್ನು 'ಯಾರೂ ಇಲ್ಲದ ದ್ವೀಪ' ಎಂದು ಜಾಹೀರಾತಿನಲ್ಲಿ ಅಚ್ಚು ಹಾಕಿಸುವ ಮುಂಚೆ ಯಜಮಾನರು ನನ್ನನ್ನೇ ಕೇಳಿದ್ದರು: "ನಿಜವಾಗ್ಲೂ ಯಾರೂ ಇಲ್ಲ ತಾನೆ? ಸುಳ್ಳಾದ್ರೆ ನಿನ್ನ ಕೆಲಸ ಹೋಗುತ್ತೆ." ಆಗಷ್ಟೇ ಸೇರಿದ್ದೆ. "ಯಾರೂ ಇಲ್ಲ ಸಾರ್" ಅಂದುಬಿಟ್ಟೆ. ನಮ್ಮ ಮನೆಯವರ ಬಾಯಿಗೆ ಬರುವುದೇ ಅದು.

ಅಂದಿನಿಂದ ಒಂದು ಏರ್ಪಾಡು. ನಾನು ದೂರದಲ್ಲೇ ಎರಡು ಸಲ ಹಾರ್ನ್ ಹೊಡೆಯಬೇಕು. ಅಕ್ಕ ಒಣಹಾಕಿದ ಬಟ್ಟೆ ತೆಗೆದು, ಒಲೆ ಆರಿಸಿ, ಆಡುಗಳನ್ನು ಎಳೆದುಕೊಂಡು ಒಳಗೆ ಸೇರಿ ಎರಡು ಗಂಟೆ ತುಟಿ ಪಿಟಕ್ಕೆನ್ನದೆ ಕೂರಬೇಕು. ಹಾರ್ನ್ ಯಾಕೆ ಎಂದವರಿಗೆ "ಮೌನಕ್ಕೊಂದು ಸಲಾಮು" ಎನ್ನುತ್ತಿದ್ದೆ. ಕೆಲವರು ಅದನ್ನು ಬರೆದುಕೊಳ್ಳುತ್ತಿದ್ದರು! ಆರು ವರ್ಷದಲ್ಲಿ ಅಕ್ಕ ತಕರಾರು ತೆಗೆದದ್ದು ಒಂದೇ ಸಲ: "ಆಡಿಗೆ ನೀನೇ ಬಂದು ಹೇಳು. ಅದಕ್ಕೆ ನಿನ್ನ ಕೆಲಸದ ಚಿಂತೆ ಇಲ್ಲ."

ಕಳೆದ ವರ್ಷ ಯಜಮಾನರೇ ಯಾಟ್ ಹತ್ತಿದರು, ಜೊತೆಗೆ ಅವರ ವಯಸ್ಸಾದ ಅತ್ತೆ. ಆಕೆಗೆ ಬಿಸಿಲಿಗೆ ಬಾಯಾರಿತು. ಬಾವಿಕಟ್ಟೆಯ ಮೇಲೆ ಒದ್ದೆ ಬಿಂದಿಗೆ ಕಂಡಿತು. ನೇರ ಹೋಗಿ ಬಾಗಿಲು ತಟ್ಟಿದರು: "ಒಳಗೆ ಯಾರಿದ್ದೀರಮ್ಮಾ?"

ಒಳಗಿನಿಂದ 'ಯಾರೂ ಇಲ್ಲ' ಎಂಬ ಉತ್ತರವೊಂದು ಬರದಿರಲಿ ಎಂದು ಬೇಡಿಕೊಂಡೆ.

ಬರಲಿಲ್ಲ. ಬಾಗಿಲೇ ತೆರೆಯಿತು.

"ನಾನಿದೀನಿ," ಅಂದಳು ಅಕ್ಕ. ಹಿಂದೆಯೇ ಆಡು.

ಯಜಮಾನರು ನನ್ನತ್ತ ತಿರುಗಿದರು. "ಯಾರಯ್ಯಾ ಇದು? ನಿನಗೆ ಗೊತ್ತಾ?"

"ಗೊತ್ತಿಲ್ಲ ಸಾರ್."

ಅಕ್ಕನಿಗೆ ಕೇಳಿಸುವಷ್ಟು ಹತ್ತಿರದಲ್ಲೇ ನಿಂತಿದ್ದೆ. ಅವಳು ಎಲ್ಲರಿಗೂ ನೀರು ತಂದುಕೊಟ್ಟಳು. ಯಜಮಾನರ ಅತ್ತೆ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, "ಒಬ್ಬಳೇ ಇದೀಯೇನಮ್ಮಾ? ನಿನ್ನವರು ಅಂತ ಯಾರೂ ಇಲ್ವಾ?" ಎಂದರು.

ಅಕ್ಕ ನನ್ನ ಬಿಳಿ ಟೋಪಿಯನ್ನು ಒಮ್ಮೆ ನೋಡಿದಳು.

"ಯಾರೂ ಇಲ್ಲ."

ನಾಚಿಕೆಯಾಯಿತು. ಆದರೆ ಅದಕ್ಕಿಂತ ಮುಂಚೆ ನೆಮ್ಮದಿಯ ನಿಟ್ಟುಸಿರು ಬಂದಿತ್ತು, ಸುಳ್ಳೇಕೆ ಹೇಳಲಿ.

ಕೆಲಸ ಉಳಿಯಿತು. ಜಾಹೀರಾತಿನಲ್ಲಿ ಈಗ 'ಒಂಟಿ ಹೆಂಗಸಿನ ದ್ವೀಪ' ಎಂದಿದೆ, ಜನ ಮುಗಿಬೀಳುತ್ತಿದ್ದಾರೆ. ಹಾರ್ನ್ ಹೊಡೆದರೆ ಅಕ್ಕ ಹೊರಗೆ ಬರುತ್ತಾಳೆ, ಬಂದವರಿಗೆಲ್ಲ ನೀರು ಕೊಡುತ್ತಾಳೆ. ನನಗೂ ಒಂದು ಲೋಟ ಚಾಚುತ್ತಾಳೆ.

"ತಗೊಳ್ಳಿ," ಅನ್ನುತ್ತಾಳೆ. ನಾವಿಬ್ಬರೇ ಇದ್ದಾಗಲೂ.