ಬರಲ್ಲ ಎಂದವರ ಕೈಯಲ್ಲಿ ತಂತಿ

ಬೆಳಗಿನ ಆರು ಗಂಟೆ. ಜಗಳೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಷಟರ್ ಅರ್ಧ ಮೇಲೆದ್ದಿದೆ. ಒಳಗೆ ನೆಲದ ಮೇಲೆ ಕೂತ ಮುಮ್ತಾಜ್, ಸುಟ್ಟುಹೋದ ಪಂಪಿನ ಮೋಟರೊಂದರ ಕರಕಲು ತಂತಿಯ ಸುತ್ತುಗಳನ್ನು ಎಣಿಸುತ್ತಿದ್ದಾರೆ. ಎದುರಿನ ಕುರ್ಚಿಯಲ್ಲಿ ಗಂಡ ನಿಯಾಜ್ ಅಹಮದ್. ಹೆಂಡತಿಯ ಬೆರಳುಗಳಿಂದ ಅವರ ಕಣ್ಣು ಕದಲುವುದಿಲ್ಲ.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಈ ಅಂಗಡಿಯ ಕಸುಬು. ಇಪ್ಪತ್ತಾರು ವರ್ಷ ಅದನ್ನು ಮಾಡಿದವರು ನಿಯಾಜ್. ಯಾವ ಮೋಟರಿಗೆ ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಪುಸ್ತಕದಲ್ಲಿ ಒಂದಕ್ಷರ ಬರೆದಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ತೊದಲಿತು. ಅಂಗಡಿ ಮುಚ್ಚಬೇಕು, ಇಲ್ಲವೇ ಮುಮ್ತಾಜ್ ಕಲಿಯಬೇಕು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಅವರು ಕಲಿಯಲು ಕೂತರು. ಈಗ ದಿನಕ್ಕೆ ಒಂದು ಮೋಟರ್, ಹೆಚ್ಚೆಂದರೆ ಎರಡು. ನಿಯಾಜ್ ನಾಲ್ಕು ಮುಗಿಸುತ್ತಿದ್ದರಂತೆ.

ಇಷ್ಟೇ ಆಗಿದ್ದರೆ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಬೆನ್ನು ತಟ್ಟಿಸಿಕೊಳ್ಳಲು ಮುಮ್ತಾಜ್ ಸುತರಾಂ ತಯಾರಿಲ್ಲ.

"ಬಸವಾಪಟ್ಟಣದಿಂದ ಮದುವೆಯಾಗಿ ಬಂದಾಗಿಂದ್ಲೂ ಇವ್ರು ಕರೆದ್ರು, ಸರ್. ಚಾ ತಂದ್ಕೊಟ್ಟಾಗೆಲ್ಲ ‘ಕೂತ್ಕೋ, ನಾಕು ಸುತ್ತು ಹಾಕಿ ನೋಡು’ ಅನ್ನೋರು. ‘ನಂಗೆ ಬರಲ್ಲ’ ಅಂತ ಲೋಟ ತಗಂಡು ಎದ್ದು ಹೋಗ್ತಿದ್ದೆ. ಏಳನೇ ಕ್ಲಾಸಿನಾಗೆ ಲೆಕ್ಕದಾಗೆ ಫೇಲಾಗಿದ್ದೆ ನೋಡ್ರಿ, ನಂಬರ್ ಅಂದ್ರೆ ನಂದಲ್ಲ ಅಂತ ಆವತ್ತೇ ತೀರ್ಮಾನ ಮಾಡ್ಬಿಟ್ಟಿದ್ದೆ. ತಂತಿ ಮುಟ್ಟೇ ಇರ್ಲಿಲ್ಲ. ಬರಲ್ಲ ಅಂತ ಹೆಂಗೆ ಗೊತ್ತಾಯ್ತು ನಂಗೆ?"

ನಮ್ಮ ಮಾತಿನಲ್ಲೇ ಈ ಸೋಮಾರಿತನ ಅಡಗಿದೆ. ಈಜು ಬರುತ್ತದೆ, ಹೊಲಿಗೆ ಬರುತ್ತದೆ ಎನ್ನುತ್ತೇವೆ, ಅವೆಲ್ಲ ನೆಂಟರ ಹಾಗೆ ತಾವಾಗಿಯೇ ಬಾಗಿಲಿಗೆ ಬರುವಂತೆ. ಹೀಗೇ ಕಾಯುತ್ತ ಕೂತು ನನಗೂ ಇಂದಿಗೂ ಕಾರು ಓಡಿಸಲು ಬರುವುದಿಲ್ಲ. ಮುಮ್ತಾಜ್‌ಗೆ ಉಪದೇಶ ಮಾಡುವ ಮುಖ ನನಗೆಲ್ಲಿದೆ?

ಕಲಿಯತೊಡಗಿದ ಹೊಸತರಲ್ಲಿ, ಕುರಿ ಸಾಕುವ ಬಂಗಾರಪ್ಪ ಒಂದು ಸಣ್ಣ ಮೋಟರ್ ತಂದುಕೊಟ್ಟರು. ಮುಮ್ತಾಜ್ ಹಳೆಯ ಸುತ್ತು ಎಣಿಸದೆಯೇ ಕತ್ತರಿಸಿ ಎಸೆದುಬಿಟ್ಟರು. ಇನ್ನು ಲೆಕ್ಕ ಗಂಡನನ್ನೇ ಕೇಳಬೇಕು. ಮನೆಮಾತು ಉರ್ದು. ಅದರಲ್ಲಿ ಎಪ್ಪತ್ತೊಂಬತ್ತು ಎಂದರೆ ಉನಾಸಿ, ಎಂಬತ್ತೊಂಬತ್ತು ಎಂದರೆ ನವಾಸಿ. ತೊದಲುವ ಬಾಯಿಂದ ಹೊರಬಂದದ್ದು ಕೊನೆಯ ‘ಆಸಿ’ ಮಾತ್ರ. ನವಾಸಿಯೇ ಇರಬೇಕೆಂದು ಇವರು ಬೆನ್ನು ತಿರುಗಿಸಿ ಕೂತು ಎಂಬತ್ತೊಂಬತ್ತು ಸುತ್ತು ತುಂಬಿದರು. ಹಿಂದೆ ನಿಯಾಜ್ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದುದನ್ನು ನೋಡಲೇ ಇಲ್ಲ. ಮರುದಿನ ಬಂಗಾರಪ್ಪ ಮೋಟರ್ ಹೊತ್ತು ವಾಪಸ್ ಬಂದರು.

"ಏನಮ್ಮಾ, ಸೌಂಡ್ ಬರ್ತೈತೆ, ನೀರು ಮೇಲಕ್ಕೆ ಏರ್ತಿಲ್ಲ!"

ನಿಯಾಜ್ ಹೇಳಿದ್ದು ಉನಾಸಿ, ಹತ್ತು ಸುತ್ತು ಹೆಚ್ಚಾಗಿತ್ತು. ಅಂದಿನಿಂದ ಮುಮ್ತಾಜ್ ಗಂಡನ ಎದುರಿಗೇ ಕೂರುತ್ತಾರೆ, ಕನ್ನಡದಲ್ಲೇ ಎಣಿಸುತ್ತಾರೆ. ನಿಯಾಜ್ ಎಡಗೈ ಬೆರಳುಗಳಲ್ಲಿ ತೋರಿಸಿದ ಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಇದುವರೆಗೆ ನೂರಾ ಹನ್ನೆರಡು ಬಗೆಯ ಮೋಟರ್‌ಗಳು ಸೇರಿವೆ. ಉಳಿದವು ನಿಯಾಜ್ ತಲೆಯಲ್ಲಿವೆ, ಅಲ್ಲಿಯೂ ಒಂದೊಂದು ದಿನ ನೆನಪು ಕೈಕೊಡುತ್ತದೆ. ಹೋದ ವಾರ ಒಂದೇ ಮೋಟರಿಗೆ ಬೆರಳುಗಳಲ್ಲಿ ಎರಡು ಬೇರೆ ಬೇರೆ ಲೆಕ್ಕ ತೋರಿಸಿದರಂತೆ.

ಹೊರಡುವ ಮುನ್ನ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮುಮ್ತಾಜ್ ತಂತಿ ಕೆಳಗಿಡುತ್ತಾರೆ.

"ಇವ್ರು ಭಾಳ ಸಿಟ್ಟಿನ ಮನುಷ್ಯ, ಸರ್. ಕಲಿಯಾಕೆ ಬಂದೋರಿಗೆಲ್ಲ ಎಂಥಾ ಬೈಗುಳ ಅಂತೀರಿ! ನಾನೂ ಆವಾಗ್ಲೇ ಕೂತು, ಬೈಸ್ಕಂಡು ಕಲೀಬೇಕಿತ್ತು. ಈಗ ನಾನು ತಪ್ಪು ಮಾಡಿದ್ರೆ ಇವ್ರು ಅಳ್ತಾರೆ. ಒಂದೇ ಒಂದ್ಸಲ ಬಾಯ್ತುಂಬ ಬೈದ್ರೆ ಸಾಕು ನಂಗೆ."