ಈಶ್ವರಿ ಬಳ್ಳಿಯ ಹುಳುಗಳು

ಭೀಮನಬೀಡಿನ ನಮ್ಮ ಹಿತ್ತಲ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದವರು ನಮ್ಮತ್ತೆ. ಅದಿದ್ದ ಕಡೆ ಹಾವು ಸುಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಮಳೆ ಹಿಡಿಯಿತೆಂದರೆ ಎಲೆ ತಿನ್ನಲು ಹುಳು ಬಂದವೇ. ಕಪ್ಪು ಮೈ, ಮೈತುಂಬ ಕೆಂಪು ಕೊಂಬು. ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಔಷಧಿ ಹೊಡೆಯೋಣ ಎಂದರೆ ಅತ್ತೆ ಉರಿದು ಬೀಳುತ್ತಿದ್ದರು.

"ಲಿಂಗ ಕಟ್ಕಂಡು ಜೀವ ತೆಗೆಯಾದಾ? ತಕ್ಕಂಡೋಗಿ ಬುಟ್ಬುಟ್ರೆ ಆಯ್ತು ಕಣಮ್ಮಿ."

ಹಾಗಾಗಿ ಒಂದೊಂದನ್ನೂ ನೋವಾಗದಂತೆ ಎತ್ತಿ ಮೊರಕ್ಕೆ ಹಾಕುವುದು, ಹೊಲದ ಅವರೆ ಸಾಲಿಗೆ ಬಿಟ್ಟು ಬರುವುದು. ಮೊರ ಹಿಡಿಯುವ ಕೆಲಸ ನನ್ನದು. "ಸೊಂಪಾಗದೆ, ತಿನ್ಕಂಡಿರ್ಲಿ" ಎಂದು ಅತ್ತೆ ಕೈ ಒರೆಸಿಕೊಳ್ಳುತ್ತಿದ್ದರು. ಇರುವೆಯನ್ನೂ ನೋಯಿಸಿದವಳಲ್ಲ ಎಂಬ ಹೆಮ್ಮೆ ಅವರಿಗೆ. ಬಾಕಿ ಎಲ್ಲದಕ್ಕೂ ಅವರನ್ನು ರೇಗಿಸುತ್ತಿದ್ದೆ, ಇದೊಂದಕ್ಕೆ ಮಾತ್ರ ಇಲ್ಲ.

ನಾನು ಗುಂಡ್ಲುಪೇಟೆಯಲ್ಲಿ ಟೀಚರ್. ಹೋದ ವರ್ಷ ಮಕ್ಕಳಿಗಾಗಿ ನಮ್ಮ ರಾಜ್ಯದ ಅಧಿಕೃತ ಚಿಟ್ಟೆಯ ಚಾರ್ಟು ಬರೆಯುತ್ತಾ ಕೂತಿದ್ದೆ. ಕಪ್ಪು ರೆಕ್ಕೆ, ಹಿಂರೆಕ್ಕೆಯಲ್ಲಿ ಅಚ್ಚ ಹಳದಿ, ಅಂಗೈಗೂ ಮೀರಿದ ಗಾತ್ರ. ಮಳೆಕಾಡಿನ ಜೀವ, ವಯನಾಡಿನ ಕಡೆಯಿಂದ ನಮ್ಮಲ್ಲಿಗೂ ಬರುತ್ತದೆ. ಪುಸ್ತಕದಲ್ಲಿ ಅದರ ಹುಳುವಿನ ಚಿತ್ರವೂ ಇತ್ತು. ನಮ್ಮ ಮೊರದಲ್ಲಿರುತ್ತಿದ್ದುದೇ! ಈಶ್ವರಿ ಬಳ್ಳಿ, ಅದರ ಜಾತಿಯವು ಬಿಟ್ಟರೆ ಬೇರೆ ಎಲೆ ಮುಟ್ಟುವುದಿಲ್ಲ, ಹಸಿದೇ ಸಾಯುತ್ತದೆ ಎಂದು ಬರೆದಿತ್ತು.

ಅತ್ತೆಗೆ ಹೇಗೆ ಹೇಳುವುದು? ಅವರ ಮುಖ ನೆನೆದೇ ಸಂಕಟವಾಯಿತು. ಹೇಳಲಿಲ್ಲ. ಆ ವಾರವೇ ಅವರು ಹುಳು ಆರಿಸಲು ಕರೆದಾಗ ಸುಮ್ಮನೆ ಹೋಗಿ ಮೊರ ಹಿಡಿದೆ. ಹಿರಿಯರ ಮನಸ್ಸು ಕಾಯುವ ಒಳ್ಳೆಯ ಸೊಸೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಈ ವರ್ಷವೂ ಹುಳು ಬಂದವು. ಅತ್ತೆ ಮೊರ ತಂದಿಟ್ಟರು. ಇನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೇಲಿಯ ಗೂಟ ಹಿಡಿದು ನಿಂತರು. ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡರು.

"ಬಳ್ಳಿ ಬೋಳಾದ್ರೆ ಆಗ್ಲಿ, ತಿನ್ಲಿ ಬುಡು" ಎಂದರು.

ಸದ್ಯ, ಮುಗಿಯಿತು ಅಂದುಕೊಂಡೆ. ಆಗ ಕೇಳಿದರು.

"ನಿಂಗ್ಯಾವಾಗ ಗೊತ್ತಾಯ್ತು?"

"ಹೋದ ವರ್ಷ, ಅತ್ತೆ. ನಿಮಗೆ ನೋವಾಗುತ್ತೆ ಅಂತ..."

"ಓದ್ವರ್ಸ ನೀನೇ ಮೊರ ಇಡ್ಕಂಡಿದ್ದೆಯಲ್ಲಮ್ಮಿ. ನಾನು ತಿಳೀದೆ ಮಾಡ್ಬುಟ್ಟೆ. ನೀನು ತಿಳ್ದೂ ಯಾಕ್ ಮಾಡ್ದೆ?"

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು.