ಬೇರೆಯವರ ಮನೆಯ ಅಳು

ಹೋದ ಅಮಾವಾಸ್ಯೆಯ ಮರುದಿನ ತಾವರಗೇರಾದಲ್ಲಿ ನಮ್ಮ ಹಳೆಯ ಮನೆಯನ್ನು ಕೆಡವಿದರು. ಜಾಗ ಕೊಂಡವರು ಅಲ್ಲಿ ಅಂಗಡಿಸಾಲು ಕಟ್ಟಿಸುತ್ತಾರೆ. ಜೆಸಿಬಿ ಮಾಳಿಗೆಗೆ ಕೈ ಹಾಕಿದಾಗ ಮೇಲಿನ ಹಾಳುಮಣ್ಣು ಒಮ್ಮೆಲೇ ಪಡಸಾಲೆಗೆ ಸುರಿಯಿತು, ಧೂಳಿನ ಜೊತೆ ಒಂದು ವಾಸನೆ ಎದ್ದಿತು. ಲೋಬಾನ, ವಿಭೂತಿ, ಹೊಗೆ ಕುಡಿದ ತೊಲೆ. ನಮ್ಮ ಮನೆಯಲ್ಲಿ ಅದು ಸೋಮವಾರದ ವಾಸನೆಯಾಗಿತ್ತು. ಸೋಮವಾರ ಸಂಜೆ ಅಜ್ಜ ಕಿರಾಣಿ ಅಂಗಡಿಯನ್ನು ಬೇಗ ಮುಚ್ಚಿ, ಕೈಕಾಲು ತೊಳೆದು, ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಊರಿನ ಹತ್ತಾರು ಜನ ಜಮಖಾನೆಯ ಮೇಲೆ ಕೂತು ಕೇಳುತ್ತಿದ್ದರು. ಅಜ್ಜ ಸ್ವಾಮಿಯಲ್ಲ, ಶರಣನೆಂದೂ ಹೇಳಿಕೊಂಡವನಲ್ಲ, ಆದರೆ ಮಾತು ಬಲ್ಲವನು. ಮುಂದೆ ಒಂದು ಖಾಲಿ ಗಡಿಗೆ ಇಟ್ಟುಕೊಂಡು ಕೇಳುತ್ತಿದ್ದ, "ಗಡಿಗಿ ಒಳಗಿನ ಬಯಲು ಬ್ಯಾರೆ ಏನು, ಹೊರಗಿನ ಬಯಲು ಬ್ಯಾರೆ ಏನು? ಗಡಿಗಿ ಒಡದ್ರ ಒಳಗಿಂದು ಎಲ್ಲಿಗಿ ಹೋಗತೈತಿ?" ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು. ನಾನು, ನೀನು ಎಂಬುದೆಲ್ಲ ಗಡಿಗೆಯ ಮಾತು, ಇರುವುದು ಒಂದೇ ಎಂದು ಅಜ್ಜ ಮುಗಿಸುತ್ತಿದ್ದ. ಮಂಡಾಳ ಒಗ್ಗರಣೆ, ಚಹಾ ಬರುತ್ತಿತ್ತು.

ಆ ಮಾತಿಗೆ ಪರೀಕ್ಷೆ ಬಂದದ್ದು ಒಂದು ಬೇಸಿಗೆಯಲ್ಲಿ. ಅಜ್ಜನ ಕಿರಿಯ ಮಗ ಶಿವಣ್ಣ, ನನಗೆ ಕಾಕಾ, ಅಕ್ಕಿ ಖರೀದಿಗೆಂದು ಸಿದ್ದಾಪುರಕ್ಕೆ ಹೋಗಿದ್ದವನು ಅಲ್ಲಿ ಕಾಲುವೆಗೆ ಇಳಿದು ಮುಳುಗಿದ. ಮಧ್ಯಾಹ್ನ ಟೆಂಪೋದಲ್ಲಿ ಹೆಣ ಬಂತು. ನಮ್ಮ ಕಡೆ ಹೆಂಗಸರು ಹೆಣದ ಸುತ್ತ ಕೂತು, ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವನ ಹೆಸರು ಹಿಡಿದು, ಅವನು ಉಂಡದ್ದು ಉಟ್ಟದ್ದು ಎಲ್ಲ ಹೇಳಿಕೊಂಡು ರಾಗವಾಗಿ ಅಳುತ್ತಾರೆ. ಅಜ್ಜಿ ಬಾಯಿ ತೆರೆದಿದ್ದಳು. ಅಜ್ಜ ಎದ್ದು ನಿಂತು, "ನಮ್ಮನ್ಯಾಗ ಯಾರೂ ಅಳಬ್ಯಾಡ್ರಿ. ಯಾರು ಸತ್ತಾರಂತ ಅಳತೀರಿ? ಗಡಿಗಿ ಒಡದೈತಿ, ಬಯಲು ಇದ್ದಲ್ಲೇ ಐತಿ" ಎಂದ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಣ್ಣು ಮಾಡುವತನಕ ಆ ಮನೆಯಲ್ಲಿ ದನಿ ಏಳಲಿಲ್ಲ. ಕುಷ್ಟಗಿಯ ತನಕ ಜನ ಇದನ್ನು ಹೇಳಿಕೊಂಡು ಹೊಗಳಿದರು. ಮುಂದಿನ ಸೋಮವಾರ ಜಮಖಾನೆ ಸಾಲಲಿಲ್ಲ. ಶಿವಣ್ಣ ಎಂಬ ಹೆಸರನ್ನು ಮಾತ್ರ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ಅಜ್ಜಿ ಸಾವಿನ ಮನೆಗಳಿಗೆ ಹೋಗಲು ತೊಡಗಿದ್ದು ಅದಾದ ಮೇಲೆ. ಮೊದಲು ನೆಂಟರಲ್ಲಿ, ಆಮೇಲೆ ಓಣಿಯಲ್ಲಿ, ಆಮೇಲೆ ಗುರುತಿಲ್ಲದವರಲ್ಲಿ. ಮರಳಿದವಳು ಹಿತ್ತಲಿನಲ್ಲೇ ತಲೆ ಮೇಲೆ ನೀರು ಹಾಕಿಸಿಕೊಂಡು ಒಳಗೆ ಬರಬೇಕು. ತಂತಿಯ ಮೇಲೆ ಅವಳ ಹಸಿರು ಇಳಕಲ್ ಸೀರೆ ಒಣಗುತ್ತಿದ್ದರೆ ಊರಿನಲ್ಲಿ ಯಾರೋ ಹೋಗಿದ್ದಾರೆ ಎಂದು ನಮಗೆ ಗೊತ್ತಾಗುತ್ತಿತ್ತು. ಹಿರಿಯ ಸೊಸೆ, ನನ್ನ ದೊಡ್ಡವ್ವ, ಕೊಡ ಹಿಡಿದು, "ಇವತ್ತ ಯಾರ ಮನ್ಯಾಗ ಡೂಟಿ ಇತ್ರಿ ಅತ್ತಿ?" ಎನ್ನುತ್ತಿದ್ದಳು. "ಮೊದಲ ನೀರು ಹಾಕು, ಆಮ್ಯಾಲ ಹಾಜರಿ ತಗೋ" ಎಂದು ಅಜ್ಜಿ. ದೊಡ್ಡವ್ವ ನಗುತ್ತಿದ್ದಳು, ಆದರೆ ಅಂಗಡಿಯ ಮುಂದೆ ಜನ ಆಡುವ ಮಾತು ಬೇರೆ ಇತ್ತು. ಸಾವಿಲ್ಲ ಎನ್ನುವ ಸಾವ್ಕಾರರ ಹೆಂಡತಿ ಸಾವು ಹುಡುಕಿಕೊಂಡು ತಿರುಗುತ್ತಾಳೆ ಎಂದು. ಅಜ್ಜ ಕೇಳಿಸಿಕೊಂಡು ತಕ್ಕಡಿಯನ್ನೇ ನೋಡುತ್ತಿದ್ದ.

ಒಂದು ಸೋಮವಾರ ಗಡಿಗೆಯ ಮಾತು ನಡೆದಿದ್ದಾಗ ಹನುಮವ್ವ ಬಂದಳು. ಅಗಸಿಬಾಗಿಲ ಆಚೆ, ಊರ ಹೊರಗಿನ ಕೇರಿಯವಳು. ನಾಲ್ಕು ದಿನದ ಹಿಂದೆ ಅವಳ ಮಗ ತೀರಿಕೊಂಡಿದ್ದ. ಹೊಸ್ತಿಲ ಹೊರಗೆ ನಿಂತು, ಅಜ್ಜಿಯ ಎಲೆಯಡಿಕೆ ಸಂಚಿಯನ್ನು ಎತ್ತಿ ತೋರಿಸಿದಳು.

"ಅವ್ವಾರು ನಮ್ಮನ್ಯಾಗ ಬಿಟ್ಟ ಬಂದಿದ್ರುರಿ ಸಾವ್ಕಾರ್ರ. ಭಾಳ ಅತ್ರುರಿ ನಮ್ಮ ಹುಡುಗಗ. ಅವನ ಹೆಸರು ದುರಗಪ್ಪ. ಅವ್ವಾರು ಶಿವಣ್ಣಾ, ಶಿವಣ್ಣಾ ಅಂತ ಅಳಾಕತ್ತಿದ್ರು. ನಾವ್ಯಾರೂ ತಿದ್ದಲಿಲ್ರಿ."

ಅಜ್ಜನ ಮುಖ ಕೆಂಪೇರಿತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಅಜ್ಜಿಯ ಕಡೆ ತಿರುಗಿ, "ಮಂದ್ಯಾಗ ನನ್ನ ಮಾನ ತಗದಿ" ಎಂದ. ಅಜ್ಜಿ ದನಿ ಏರಿಸಲಿಲ್ಲ. "ಎಲ್ಲಾ ಗಡಿಗ್ಯಾಗ ಇರೋದು ಒಂದ ಬಯಲು ಅಂತ ನೀವ ಹೇಳಿದ್ರಿ. ಮತ್ತ ಆಕಿ ಮಗ ನನ್ನ ಮಗ ಅಲ್ಲೇನ್ರಿ? ನಮ್ಮನ್ಯಾಗ ಅಳಬ್ಯಾಡ ಅಂದ್ರಿ, ಅಳಲಿಲ್ಲ."

ಹನುಮವ್ವ ಇನ್ನೂ ಹೊರಗೇ ನಿಂತಿದ್ದಳು. ಒಳಗೆ ಬಾ ಎನ್ನಬೇಕಾದವನು ಅಜ್ಜ, ಅವನಿಗೆ ಆ ಮಾತು ಬರಲಿಲ್ಲ. ಜಮಖಾನೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಇರುವುದು ಒಂದೇ ಎಂಬ ನಮ್ಮ ಮನೆಯ ಮಾತು ಹೊಸ್ತಿಲ ಕಲ್ಲಿನ ತನಕ ಬಂದು ನಿಂತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅಜ್ಜಿ ಅವರ ನಡುವೆ ಹಾದು ಹೋಗಿ, ಹೊಸ್ತಿಲು ದಾಟಿ, ಕಟ್ಟೆಯ ಮೇಲೆ ಹನುಮವ್ವನನ್ನು ಕೂಡಿಸಿಕೊಂಡು ಸಂಚಿ ಬಿಚ್ಚಿದಳು. ಇಬ್ಬರೂ ಎಲೆ ಹಾಕಿಕೊಂಡರು.

ಮುಂದಿನ ಸೋಮವಾರ ಜನ ಬಂದರು, ಅಜ್ಜ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದ. ಆಮೇಲೆ ಬರುವುದು ನಿಂತಿತು. ಗಡಿಗೆಯಲ್ಲಿ ದೊಡ್ಡವ್ವ ಹುಣಸೆಹಣ್ಣು ತುಂಬಿಟ್ಟಳು. ಬಹಳ ದಿನಗಳ ನಂತರ ಒಂದು ಮಧ್ಯಾಹ್ನ ಅಜ್ಜಿ ಯಾರದೋ ಮಣ್ಣು ಮುಗಿಸಿ ಬಂದಾಗ ಹಿತ್ತಲಿನಲ್ಲಿ ಕೊಡ ಹಿಡಿದು ನಿಂತವನು ಅಜ್ಜ. ನೀರು ಹಾಕುತ್ತ ಕೇಳಿದ, "ಹೆಸರು ಹಿಡದು ಅತ್ತೇನು?" ಅಜ್ಜಿ "ಹೂಂ" ಎಂದಳು. ಕೊಡದಲ್ಲಿ ನೀರು ಮುಗಿದಿತ್ತು. ಅಜ್ಜ ಅದನ್ನು ಹಾಗೇ ಬಗ್ಗಿಸಿ ಹಿಡಿದುಕೊಂಡಿದ್ದ.

ಅಜ್ಜ ತೀರಿದ ದಿನ ಮನೆಯಲ್ಲಿ ಯಾರೂ ಯಾರಿಗೂ ಅಳಬೇಡ ಎನ್ನಲಿಲ್ಲ. ಹನುಮವ್ವ ಬಂದು ಅಭ್ಯಾಸದಂತೆ ಹೊರಗೇ ನಿಂತಾಗ ಅಜ್ಜಿ ಎದ್ದುಹೋಗಿ ಕೈ ಹಿಡಿದು ಕರೆತಂದಳು. ಆಕೆ ಹೆಣದ ಪಕ್ಕ ಕೂತು, ಅಜ್ಜಿಯ ಕೊರಳಿಗೆ ಬಿದ್ದು, ದುರಗಪ್ಪಾ ಎಂದು ಅತ್ತಳು. ನಮ್ಮವರು ಯಾರೂ ತಿದ್ದಲಿಲ್ಲ.

ಅಜ್ಜಿಯೂ ಹನುಮವ್ವನೂ ಈಗಿಲ್ಲ. ಮನೆ ಕೆಡವಿದವರು ತೊಲೆ, ಬಾಗಿಲು ಮಾರಿದ್ದಾರೆ. ಹೊಸ್ತಿಲ ಕಲ್ಲನ್ನು ಯಾರೂ ಒಯ್ದಿಲ್ಲ, ಅದು ರಸ್ತೆಯ ಬದಿಗೆ ಬಿದ್ದಿದೆ. ನಿನ್ನೆ ಸಂಜೆ ಕುಷ್ಟಗಿ ಬಸ್ಸಿಗೆ ಕಾಯುತ್ತ ಇಬ್ಬರು ಹೆಂಗಸರು ಅದರ ಮೇಲೆ ಕೂತಿದ್ದರು.